ಒಳಾಂಗಣ ಶೂಟಿಂಗ್ ರೇಂಜ್‌ನಲ್ಲಿ ಬೆಂಕಿ: ಉರಿಯದೆ ಉಳಿದ ಮದ್ದಿನಿಂದ ಹೊರಬರುವ ದಾರಿಯವರೆಗೆ

ಶೂಟಿಂಗ್ ರೇಂಜ್‌ನ ಸುರಕ್ಷತೆ ಎಂದೊಡನೆ ಬಂದೂಕಿನ ಬಾಯಿ ಯಾವ ಕಡೆಗಿದೆ, ಬೆರಳು ಟ್ರಿಗರ್‌ನಿಂದ ದೂರವಿದೆಯೇ, ಕಣ್ಣು ಕಿವಿಗಳಿಗೆ ರಕ್ಷಣೆ ಇದೆಯೇ ಎಂಬ ಪ್ರಶ್ನೆಗಳೇ ಮೊದಲು ಬರುತ್ತವೆ. ಇವೆಲ್ಲವೂ ಮುಖ್ಯವೇ. ಆದರೆ ನಾಲ್ಕು ಗೋಡೆಗಳ ನಡುವಿನ ರೇಂಜ್‌ನಲ್ಲಿ ಒಂದೇ ಸಲಕ್ಕೆ ಹಲವರ ಜೀವ ತೆಗೆಯಬಲ್ಲ ಅಪಾಯ ಬಂದೂಕಿನಲ್ಲಿರುವುದಕ್ಕಿಂತ ಹೆಚ್ಚಾಗಿ ನೆಲದ ಮೇಲಿರುತ್ತದೆ. 2009ರ ನವೆಂಬರ್ 14ರಂದು ದಕ್ಷಿಣ ಕೊರಿಯಾದ ಬೂಸಾನ್ ನಗರದ ಒಳಾಂಗಣ ರೇಂಜ್ ಒಂದರಲ್ಲಿ ಹೊತ್ತಿಕೊಂಡ ಬೆಂಕಿಗೆ 15 ಮಂದಿ ಬಲಿಯಾದರು; ಅವರಲ್ಲಿ 10 ಮಂದಿ ಜಪಾನಿನಿಂದ ಬಂದಿದ್ದ ಪ್ರವಾಸಿಗರು. ಗುಂಡು ಹಾರಿಸುವಾಗ ಎದ್ದ ಕಿಡಿಯು ಒಳಗೆ ಉಳಿದುಕೊಂಡಿದ್ದ ಮದ್ದಿನ ಅವಶೇಷಕ್ಕೆ ತಗುಲಿದ್ದೇ ಕಾರಣವೆಂದು ತನಿಖೆ ಹೇಳಿತು.

ರೇಂಜ್ ನಡೆಸುವವರು, ಅಲ್ಲಿನ ಮೇಲ್ವಿಚಾರಕರು ಮತ್ತು ರೇಂಜ್ ಆಫೀಸರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಅಭ್ಯಾಸಕ್ಕೆ ಹೋಗುವವರೂ ಇದನ್ನು ಓದಿದರೆ, ತಾವು ಹಣ ಕೊಟ್ಟು ಒಳಗೆ ಕಾಲಿಡುವ ಜಾಗವನ್ನು ಯಾವ ಕಣ್ಣಿನಿಂದ ನೋಡಬೇಕೆಂಬುದು ತಿಳಿಯುತ್ತದೆ. 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನ ರೇಂಜ್‌ಗಳಲ್ಲಿ ಮದ್ದೇ ಇರುವುದಿಲ್ಲವಾದ್ದರಿಂದ ಮುಂದೆ ಹೇಳುವ ಬಹುಪಾಲು ಮಾತು ಅವುಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ನೆನಪಿಡಬೇಕಾದದ್ದು ಮುಖ್ಯವಾಗಿ ಒಂದು: ಏರ್ ಗನ್ನಿನ ಸಿಲಿಂಡರಿಗೆ ಶುದ್ಧವಾದ ಒಣ ಗಾಳಿಯನ್ನು ಮಾತ್ರ ತುಂಬಬೇಕು. ಆಮ್ಲಜನಕವನ್ನು ತುಂಬಿದರೆ ಒಳಗಿನ ಎಣ್ಣೆ ಅಥವಾ ಗ್ರೀಸಿನ ಜೊತೆ ಸೇರಿ ಸಿಲಿಂಡರ್ ಸಿಡಿಯಬಹುದು.

ಶತ್ರುವಿನ ಪರಿಚಯ

ಈಗಿನ ಕಾಡತೂಸುಗಳಲ್ಲಿರುವುದು ಹೊಗೆರಹಿತ ಮದ್ದು. ಅದರ ಮೂಲವಸ್ತು ನೈಟ್ರೋಸೆಲ್ಯುಲೋಸ್; ಕೆಲವು ಬಗೆಗಳಲ್ಲಿ ನೈಟ್ರೋಗ್ಲಿಸರಿನ್ ಕೂಡ ಸೇರಿರುತ್ತದೆ. ಗುಂಡು ನಳಿಗೆಯನ್ನು ದಾಟುವ ಕ್ಷಣಾರ್ಧದಲ್ಲಿ ಈ ಮದ್ದು ಪೂರ್ತಿಯಾಗಿ ಉರಿದು ಮುಗಿಯುವುದಿಲ್ಲ. ಸ್ವಲ್ಪ ಭಾಗ ಗುಂಡಿನ ಹಿಂದೆಯೇ ಹೊರಚಿಮ್ಮಿ, ಫೈರಿಂಗ್ ಲೈನ್‌ನ (ಶೂಟರ್‌ಗಳು ನಿಂತು ಗುಂಡು ಹಾರಿಸುವ ಗೆರೆ) ಮುಂದಿನ ಮೊದಲ ಕೆಲವು ಮೀಟರ್‌ಗಳಲ್ಲಿ ಉದುರುತ್ತದೆ. ನಳಿಗೆ ಗಿಡ್ಡವಾದಷ್ಟೂ ಉದುರುವುದು ಹೆಚ್ಚು. ಆದ್ದರಿಂದ ಪಿಸ್ತೂಲು ಮತ್ತು ರಿವಾಲ್ವರ್‌ಗಳ ಬಳಕೆ ಹೆಚ್ಚಿರುವ ರೇಂಜ್‌ಗಳಲ್ಲಿ ಗಮನವೂ ಹೆಚ್ಚಿರಬೇಕು. ಒಂದು ಗುಂಡಿನಿಂದ ಉದುರುವುದು ಕಣ್ಣಿಗೆ ಬೀಳದಷ್ಟು ಕಡಿಮೆ. ದಿನಕ್ಕೆ ಸಾವಿರಾರು ಗುಂಡು ಹಾರುವ ಕಡೆ ಅದು ಕೂಡುತ್ತಾ ಹೋಗಿ ನೆಲದ ಬಿರುಕು, ಗೋಡೆಯ ಬುಡ, ಟಾರ್ಗೆಟ್ ಓಡಿಸುವ ಹಳಿ, ಫೋಮ್ ಹಾಳೆಯ ರಂಧ್ರ, ಗಾಳಿಯ ಕೊಳವೆ ಹೀಗೆ ಕೈ ಸುಲಭವಾಗಿ ಹೋಗದ ಕಡೆಗಳಲ್ಲೆಲ್ಲ ಸೇರಿಕೊಳ್ಳುತ್ತದೆ.

ಈ ಮದ್ದಿನ ಎರಡು ಗುಣಗಳನ್ನು ಅರಿತರೆ ಮುಂದಿನ ಎಲ್ಲ ನಿಯಮಗಳ ತರ್ಕ ತಾನಾಗಿಯೇ ತಿಳಿಯುತ್ತದೆ. ಮೊದಲನೆಯದಾಗಿ, ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನೊಳಗೇ ಇದೆ. ಮರಳು ಸುರಿದು ಮುಚ್ಚಿದರೂ, ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಾಳಿಯನ್ನು ತಡೆದರೂ ಅದು ಉರಿಯುವುದನ್ನು ನಿಲ್ಲಿಸುವುದಿಲ್ಲ. ಅದನ್ನು ತಣಿಸಬಲ್ಲದ್ದು ನೀರು. ಎರಡನೆಯದಾಗಿ, ಬಯಲಿನಲ್ಲಿ ಚೆಲ್ಲಿದಾಗ ಅದು ಭುಗ್ಗೆಂದು ಉರಿದು ಮುಗಿಯುತ್ತದೆಯಾದರೂ, ಬಿಗಿಯಾಗಿ ಮುಚ್ಚಿದ ಪಾತ್ರೆ ಅಥವಾ ಕೊಳವೆಯೊಳಗೆ ಅನಿಲದ ಒತ್ತಡ ಏರಿ ಸಿಡಿಯುತ್ತದೆ. ಹೊತ್ತಿಕೊಳ್ಳಲು ಅದಕ್ಕೆ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖವೂ ಬೇಕಿಲ್ಲ. ಗ್ರೈಂಡಿಂಗ್ ಯಂತ್ರದ ಕಿಡಿ, ಉರಿಯುವ ಸಿಗರೇಟಿನ ತುದಿ, ಕಾದ ಹ್ಯಾಲೊಜನ್ ದೀಪ, ಶಾರ್ಟ್ ಆದ ತಂತಿ, ಇವುಗಳಲ್ಲಿ ಯಾವುದೂ ಅದರ ಪಾಲಿಗೆ ಸಣ್ಣದಲ್ಲ.

ಹೆಜ್ಜೆ 1: ಟಾರ್ಚ್ ಹಿಡಿದು ನೆಲ ನೋಡಿ

ರೇಂಜ್ ಮುಚ್ಚಿದ ಮೇಲೆ, ಬಂದೂಕುಗಳೆಲ್ಲ ಖಾಲಿಯಾಗಿ ಬೀಗದೊಳಗೆ ಸೇರಿದ ಮೇಲೆ, ಒಂದು ಎಲ್‌ಇಡಿ ಟಾರ್ಚ್ ಹಿಡಿದು ಫೈರಿಂಗ್ ಲೈನ್‌ನಿಂದ ಮುಂದಕ್ಕೆ ನಡೆಯಿರಿ. ಟಾರ್ಚನ್ನು ಮೇಲಿನಿಂದ ಹಾಯಿಸಿದರೆ ಬೂದು ಧೂಳು ಮಾತ್ರ ಕಾಣುತ್ತದೆ. ನೆಲಕ್ಕೆ ಹತ್ತಿರವಾಗಿ ಓರೆಯಲ್ಲಿ ಹಿಡಿದಾಗ ಆ ಧೂಳಿನ ನಡುವೆ ಸಾಸಿವೆಗಿಂತ ಚಿಕ್ಕದಾದ, ಬೂದು ಅಥವಾ ಹಸಿರು ಛಾಯೆಯ ಚಕ್ಕೆಗಳು, ತೆಳು ಬಿಲ್ಲೆಗಳು, ದುಂಡು ಕಾಳುಗಳು ಬಿಡಿಬಿಡಿಯಾಗಿ ಮಿನುಗುತ್ತವೆ. ಅವೇ ಉರಿಯದೆ ಉಳಿದ ಮದ್ದಿನ ಕಣಗಳು. ಕಾಂಕ್ರೀಟಿನ ಎರಡು ಹಾಸುಗಳು ಕೂಡುವ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಚೂರನ್ನು ಎಳೆದು ನೋಡಿದರೆ ಎಷ್ಟು ಕಾಲದ ಮದ್ದು ಅಲ್ಲಿ ಕುಳಿತಿದೆ ಎಂಬುದು ಹೊರಬರುತ್ತದೆ. ಅದು ನಿಜವಾಗಿ ಮದ್ದೇ ಹೌದೋ ಅಲ್ಲವೋ ಎಂದು ಕಡ್ಡಿ ಗೀರಿ ಪರೀಕ್ಷಿಸುವ ಗೀಳು ಕೆಲವರಿಗಿದೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ.

ಈ ಸುತ್ತಿನಲ್ಲಿ ಕಂಡದ್ದನ್ನು ನಕ್ಷೆಯ ಮೇಲೆ ಗುರುತಿಸಿಕೊಳ್ಳಿ: ಎಲ್ಲಿ ಹೆಚ್ಚು ಕೂಡುತ್ತದೆ, ಎಲ್ಲಿ ಬಿರುಕಿದೆ, ಯಾವ ಮೂಲೆಗೆ ಮಾಪ್ ತಲುಪುವುದಿಲ್ಲ, ಯಾವ ದೀಪದ ಮುಚ್ಚಳ ಒಡೆದಿದೆ, ಯಾವ ತಂತಿಯ ಹೊದಿಕೆ ಗುಂಡಿನ ಚೂರು ತಗುಲಿ ಹರಿದಿದೆ. ನೆಲ ಒರಟು ಕಾಂಕ್ರೀಟ್ ಆಗಿದ್ದರೆ ಅದಕ್ಕೆ ಎಪಾಕ್ಸಿಯಂತಹ ನಯವಾದ ಲೇಪನ ಕೊಡಿಸಿ, ಬಿರುಕು ಮತ್ತು ಸಂದಿಗಳನ್ನು ತುಂಬಿಸುವುದು ಒಂದು ಸಲದ ಖರ್ಚು. ಆಮೇಲೆ ಪ್ರತಿದಿನದ ಶುಚಿತ್ವ ಅರ್ಧದಷ್ಟು ಸುಲಭವಾಗುತ್ತದೆ. ಫೈರಿಂಗ್ ಲೈನ್‌ನ ಮುಂದೆ ಕಾರ್ಪೆಟ್ ಇದ್ದರೆ ಚರ್ಚೆಯೇ ಬೇಡ, ಅದನ್ನು ಕಿತ್ತು ತೆಗೆಯಬೇಕು. ಕಾರ್ಪೆಟ್ಟಿನ ಎಳೆಗಳೊಳಗೆ ಇಳಿದ ಮದ್ದನ್ನು ಪೂರ್ತಿಯಾಗಿ ಹೊರತೆಗೆಯುವ ಉಪಾಯ ಯಾವುದೂ ಇಲ್ಲ.

ಹೆಜ್ಜೆ 2: ಯಾವ ಕಾಡತೂಸು ಒಳಗೆ ಬರಬಹುದು ಎಂಬುದನ್ನು ಬಾಗಿಲಲ್ಲೇ ನಿರ್ಧರಿಸಿ

ಟ್ರೇಸರ್ ಗುಂಡುಗಳ ಬುಡದಲ್ಲಿ ಮೆಗ್ನೀಸಿಯಂ ಮತ್ತು ಸ್ಟ್ರಾನ್ಷಿಯಂ ಲವಣಗಳಂತಹ ಉರಿಯುವ ಮಿಶ್ರಣವಿರುತ್ತದೆ. ಗುಂಡು ಟ್ರ್ಯಾಪ್‌ನೊಳಗೆ (ರೇಂಜ್‌ನ ಕೊನೆಯಲ್ಲಿ ಗುಂಡನ್ನು ತಡೆದು ಹಿಡಿಯುವ ರಚನೆ) ಹೊಕ್ಕು ನಿಂತ ಮೇಲೂ ಅದು ಉರಿಯುತ್ತಲೇ ಇರುತ್ತದೆ. ಬೆಂಕಿ ಹಚ್ಚುವ ಉದ್ದೇಶದಿಂದಲೇ ತಯಾರಾದ ಗುಂಡುಗಳು, ಕಿಡಿಗಳ ಜ್ವಾಲೆ ಉಗುಳುವ ಶಾಟ್‌ಗನ್ ಕಾಡತೂಸುಗಳು ಇದೇ ಸಾಲಿಗೆ ಸೇರುತ್ತವೆ. ಒಳಾಂಗಣ ರೇಂಜ್‌ನಲ್ಲಿ ಇವುಗಳಿಗೆ ಯಾವ ಕಾರಣಕ್ಕೂ ಅವಕಾಶ ಇರಕೂಡದು. ಕಪ್ಪು ಮದ್ದಿನ ಹಳೆಯ ಮಾದರಿಯ ಬಂದೂಕುಗಳೂ ಬೇಡ. ಅವು ಹಾರಿದಾಗ ಕೆಂಡದಂತಿರುವ ಬಟ್ಟೆಯ ತುಣುಕುಗಳು ಮತ್ತು ಕಿಡಿಗಳು ಮದ್ದು ಉದುರಿರುವ ಜಾಗದ ಮೇಲೆಯೇ ಬೀಳುತ್ತವೆ.

ಜನ ಅರಿಯದೆ ತರುವುದು ಉಕ್ಕಿನ ತಿರುಳು ಅಥವಾ ತೆಳು ತಾಮ್ರ ಲೇಪಿತ ಉಕ್ಕಿನ ಹೊದಿಕೆಯುಳ್ಳ ಗುಂಡುಗಳನ್ನು. ಇವು ಉಕ್ಕಿನ ಫಲಕಕ್ಕೋ ಕಾಂಕ್ರೀಟಿಗೋ ಬಡಿದಾಗ ಕಿಡಿ ಹಾರುತ್ತದೆ. ಹೊರನೋಟಕ್ಕೆ ಸಾಮಾನ್ಯ ಗುಂಡಿನಂತೆಯೇ ಇರುವುದರಿಂದ ಕಣ್ಣಿನಿಂದ ಗುರುತಿಸುವುದು ಕಷ್ಟ. ಸ್ವಾಗತದ ಮೇಜಿನ ಮೇಲೆ ಒಂದು ಆಯಸ್ಕಾಂತ ಇಟ್ಟುಕೊಂಡು, ಹೊರಗಿನಿಂದ ತಂದ ಪ್ರತಿಯೊಂದು ಪೆಟ್ಟಿಗೆಯಿಂದ ಕೆಲವು ಕಾಡತೂಸುಗಳ ಗುಂಡಿನ ತುದಿಗೆ ತಾಗಿಸಿ ನೋಡುವುದೇ ಸರಳ ಉಪಾಯ. ಸೀಸ ಮತ್ತು ತಾಮ್ರ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಆ ಪೆಟ್ಟಿಗೆ ಒಳಗೆ ಹೋಗುವಂತಿಲ್ಲ. ಕಾಡತೂಸಿನ ಕೇಸನ್ನಲ್ಲ (ಮದ್ದು ತುಂಬಿರುವ ಹೊರಕವಚ), ಗುಂಡನ್ನೇ ಪರೀಕ್ಷಿಸಬೇಕು ಎಂಬುದನ್ನು ಸಿಬ್ಬಂದಿಗೆ ಬಿಡಿಸಿ ಹೇಳಿ. ಉಕ್ಕಿನ ಕೇಸಿನಲ್ಲಿ ಬರುವ ಕಾಡತೂಸುಗಳೂ ಇರುವುದರಿಂದ ಗೊಂದಲವಾಗುತ್ತದೆ. ಮನೆಯಲ್ಲಿ ಮದ್ದು ತುಂಬಿ ತಂದ ಕಾಡತೂಸುಗಳನ್ನು ಬಿಡಬೇಕೇ ಬೇಡವೇ ಎಂಬುದು ಆಯಾ ರೇಂಜ್‌ನ ತೀರ್ಮಾನ. ಅಳತೆ ತಪ್ಪಿ ತುಂಬಿದ ಕಾಡತೂಸು ಸರಿಯಾಗಿ ಉರಿಯದೆ ನೆಲಕ್ಕೆ ಹೆಚ್ಚು ಮದ್ದು ಚೆಲ್ಲುವುದರಿಂದ, ಒಳಾಂಗಣದ ಮಟ್ಟಿಗೆ ಬೇಡವೆನ್ನುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಹೆಜ್ಜೆ 3: ಶುಚಿತ್ವವನ್ನು ಅಗ್ನಿಸುರಕ್ಷತೆಯ ಕೆಲಸವೆಂದೇ ಮಾಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸುವಷ್ಟು ಮಾತ್ರ ಸಮಯವಿದ್ದರೆ ಇದನ್ನು ಪಾಲಿಸಿ. ಎಷ್ಟೇ ಒಳ್ಳೆಯ ಸ್ಪ್ರಿಂಕ್ಲರ್, ಎಷ್ಟೇ ದುಬಾರಿ ಅಲಾರಂ ಇದ್ದರೂ ನೆಲದ ಮೇಲೆ ಮದ್ದಿನ ಪದರ ಕುಳಿತಿರುವ ರೇಂಜ್ ಸುರಕ್ಷಿತವಲ್ಲ. ಆ ಪದರಕ್ಕೆ ಕಿಡಿ ತಗುಲಿದರೆ ಬೆಂಕಿ ಒಣಹುಲ್ಲಿನ ಮೇಲೆ ಓಡುವಂತೆ ಲೇನ್‌ನಿಂದ ಲೇನ್‌ಗೆ (ಒಬ್ಬೊಬ್ಬ ಶೂಟರ್‌ಗೆ ಮೀಸಲಾದ ಪಟ್ಟಿ) ಓಡುತ್ತದೆ. ಬೆಂಕಿ ನಂದಿಸುವ ಸಿಲಿಂಡರಿನ ಪಿನ್ ಕೀಳುವ ಮೊದಲೇ ಅದು ಗೋಡೆಯ ಫೋಮ್ ಅಥವಾ ರಬ್ಬರಿನ ಟ್ರ್ಯಾಪ್ ತಲುಪಿರುತ್ತದೆ.

ಮೊದಲ ನಿಯಮ, ಒಣ ಪೊರಕೆಯಿಂದ ಗುಡಿಸಬಾರದು. ಒಣದಾಗಿ ಗುಡಿಸಿದರೆ ಸೀಸದ ಧೂಳು ಗಾಳಿಗೆದ್ದು ಗುಡಿಸುವವರ ಶ್ವಾಸಕೋಶ ಸೇರುತ್ತದೆ, ಮದ್ದಿನ ಚಕ್ಕೆಗಳು ಮೂಲೆಗಳಿಗೆ ಹಾರುತ್ತವೆ, ನೈಲಾನ್ ಪೊರಕೆಯಾಗಿದ್ದರೆ ಸ್ಥಿರವಿದ್ಯುತ್ತೂ ಹುಟ್ಟುತ್ತದೆ. ಒತ್ತಡದ ಗಾಳಿಯಿಂದ ಊದಿ ಶುಚಿ ಮಾಡುವುದು ಇದಕ್ಕಿಂತಲೂ ಕೆಟ್ಟ ರೂಢಿ.

ಎರಡನೆಯದು, ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು. ಅದರ ಮೋಟರಿನ ಬ್ರಷ್‌ಗಳಲ್ಲಿ ಸದಾ ಸಣ್ಣ ಕಿಡಿಗಳು ಹಾರುತ್ತಿರುತ್ತವೆ. ಹೀರಿಕೊಂಡ ಮದ್ದೆಲ್ಲ ಅದೇ ಯಂತ್ರದ ಚೀಲದಲ್ಲಿ ಕೂಡುತ್ತದೆ. ಮುಚ್ಚಿದ ಡಬ್ಬಿ, ಅದರೊಳಗೆ ಮದ್ದು, ಪಕ್ಕದಲ್ಲೇ ಕಿಡಿ ಎಂಬ ಈ ಜೋಡಣೆ ಏನನ್ನು ಮಾಡಬಲ್ಲದು ಎಂದು ಬೇರೆ ಹೇಳಬೇಕಿಲ್ಲ. ಬೇಕಾದದ್ದು ಸ್ಫೋಟನಿರೋಧಕವೆಂದು ಪ್ರಮಾಣೀಕರಿಸಿದ, ಹೆಪಾ ಫಿಲ್ಟರ್ ಇರುವ, ಕೊಳವೆಯಿಂದ ಚಕ್ರದವರೆಗೆ ಸ್ಥಿರವಿದ್ಯುತ್ತು ಹರಿದುಹೋಗುವಂತೆ ಅರ್ಥಿಂಗ್ ಮಾಡಿದ ಯಂತ್ರ. ಹೀರಿದ ಧೂಳನ್ನು ನೀರಿನಲ್ಲಿ ಮುಳುಗಿಸಿ ಹಿಡಿಯುವ ಮಾದರಿಗಳು ಈ ಕೆಲಸಕ್ಕೆ ಹೆಚ್ಚು ಸೂಕ್ತ. ಹೆಪಾ ಫಿಲ್ಟರ್ ಒಂದನ್ನೇ ನೋಡಿ ಯಂತ್ರ ಕೊಂಡುಕೊಳ್ಳುವವರಿದ್ದಾರೆ. ಹೆಪಾ ತಡೆಯುವುದು ಸೀಸದ ಸೂಕ್ಷ್ಮ ಧೂಳನ್ನು, ಮೋಟರಿನ ಕಿಡಿಯನ್ನಲ್ಲ. ಎರಡೂ ಗುಣ ಒಂದೇ ಯಂತ್ರದಲ್ಲಿ ಇರಬೇಕು.

ಅಂತಹ ಯಂತ್ರವಿಲ್ಲದ ಕಡೆ ಒದ್ದೆ ಶುಚಿ ಮಾಡುವುದೇ ದಾರಿ, ಮತ್ತು ಅದು ಕೀಳು ದಾರಿಯೇನಲ್ಲ. ಕೆಲಸದ ಕ್ರಮ ಹೀಗಿರಲಿ. ಲೇನ್‌ಗಳ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಿ, ಗಾಳಿಯ ವ್ಯವಸ್ಥೆಯನ್ನು ಚಾಲನೆಯಲ್ಲಿಟ್ಟು, ಮುಖಕ್ಕೆ ಸೂಕ್ತ ರೆಸ್ಪಿರೇಟರ್, ಕೈಗೆ ಗ್ಲೌಸ್, ಮೈಗೆ ಒಮ್ಮೆ ಬಳಸಿ ಬಿಸಾಡುವ ಉಡುಪು ಧರಿಸಿ. ನೆಲದ ಮೇಲೆ ಮೊದಲು ನೀರನ್ನು ತುಂತುರಾಗಿ ಸಿಂಪಡಿಸಿ, ಧೂಳೆಲ್ಲ ತೇವಗೊಳ್ಳುವಷ್ಟು ಹೊತ್ತು ಬಿಡಿ. ಆಮೇಲೆ ರಬ್ಬರ್ ವೈಪರ್‌ನಿಂದ ನಿಧಾನವಾಗಿ ಒಂದೇ ಕಡೆಗೆ ಎಳೆದು, ಪ್ಲಾಸ್ಟಿಕ್ ಮೊರದಲ್ಲಿ ಎತ್ತಿ, ನೀರಿರುವ ಬಕೆಟ್ಟಿಗೆ ಹಾಕಿ. ಕೊನೆಗೆ ಮಾರ್ಜಕ ಬೆರೆಸಿದ ನೀರಿನಿಂದ ಮಾಪ್ ಮಾಡಿ. ಅಂಟಿಕೊಂಡ ಸೀಸವನ್ನು ಕೆರೆಯಬೇಕಾದರೆ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಆದ ಕಿಡಿ ಹಾರಿಸದ ಸಲಕರಣೆ ಬಳಸಿ, ಕಬ್ಬಿಣದ ಸಲಾಕೆ ಬೇಡ.

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ನೀರು ಮದ್ದನ್ನು ನಿರ್ವೀರ್ಯಗೊಳಿಸುವುದಿಲ್ಲ, ಒದ್ದೆಯಾಗಿರುವಷ್ಟು ಹೊತ್ತು ಹೊತ್ತಿಕೊಳ್ಳದಂತೆ ತಡೆಯುತ್ತದೆ, ಅಷ್ಟೆ. ಶುಚಿ ಮಾಡಿದ ಮಾಪನ್ನು ಹಾಗೆಯೇ ಮೂಲೆಯ ಕಪಾಟಿನಲ್ಲಿ ನಿಲ್ಲಿಸಿದರೆ ಅದು ಒಣಗಿದ ಮೇಲೆ ಎಳೆಗಳ ನಡುವೆ ಸಿಕ್ಕಿದ ಮದ್ದು ಮೊದಲಿನಂತೆಯೇ ಉರಿಯಬಲ್ಲದು. ಮಾಪ್, ವೈಪರ್ ಮತ್ತು ಬಟ್ಟೆಗಳನ್ನು ಚೆನ್ನಾಗಿ ಜಾಲಾಡಬೇಕು. ರೇಂಜ್‌ಗೆಂದು ಮೀಸಲಿಟ್ಟವನ್ನು ಕಟ್ಟಡದ ಬೇರೆಡೆ ಬಳಸಬಾರದು. ಜಾಲಾಡಿದ ನೀರಿನಲ್ಲಿ ಸೀಸವಿರುವುದರಿಂದ ಅದನ್ನು ಚರಂಡಿಗೆ ಚೆಲ್ಲುವಂತಿಲ್ಲ. ಡ್ರಮ್ಮಿನಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯವಾಗಿ ಕಳುಹಿಸಬೇಕು.

ಫೈರಿಂಗ್ ಲೈನ್‌ನ ಮುಂದಿನ ನೆಲಕ್ಕೆ ರೇಂಜ್ ತೆರೆದಿರುವ ಪ್ರತಿದಿನವೂ, ಬೂತ್‌ಗಳ ಅಡ್ಡಗೋಡೆ ಮತ್ತು ಪಕ್ಕದ ಗೋಡೆಗಳಿಗೆ ವಾರಕ್ಕೊಮ್ಮೆಯಾದರೂ, ದಾರಿತಪ್ಪಿದ ಗುಂಡನ್ನು ತಡೆಯುವ ಮೇಲ್ಗಡೆಯ ಬ್ಯಾಫಲ್ ಫಲಕ, ದೀಪದ ಮೇಲ್ಭಾಗ ಮತ್ತು ಟಾರ್ಗೆಟ್ ಹಳಿಗಳಿಗೆ ತಿಂಗಳಿಗೊಮ್ಮೆಯಾದರೂ ಈ ಸರದಿ ಬರಲಿ. ಇದು ಆರಂಭಕ್ಕೆ ಸಾಕಾಗುವ ಲೆಕ್ಕ. ಹೆಜ್ಜೆ 1ರಲ್ಲಿ ಹೇಳಿದ ಟಾರ್ಚ್ ಪರೀಕ್ಷೆಯಲ್ಲಿ ಚಕ್ಕೆಗಳು ಕಂಡರೆ ಸರದಿಯನ್ನು ಹತ್ತಿರಕ್ಕೆ ತನ್ನಿ. ಯಾರು, ಯಾವಾಗ, ಎಲ್ಲಿ ಶುಚಿ ಮಾಡಿದರು ಎಂಬುದು ಸಹಿಯೊಡನೆ ದಾಖಲಾಗಲಿ. ದಾಖಲೆಯಿಲ್ಲದ ಶುಚಿತ್ವವು ಬಿಡುವಿಲ್ಲದ ವಾರಗಳಲ್ಲೇ ಮೊದಲು ತಪ್ಪುತ್ತದೆ. ಮದ್ದು ಹೆಚ್ಚು ಉದುರುವುದೂ ಅದೇ ವಾರಗಳಲ್ಲಿ.

ಹೆಜ್ಜೆ 4: ಎತ್ತಿದ ಮದ್ದನ್ನು ಕೂಡಿಡಬೇಡಿ

ಶುಚಿ ಮಾಡಿ ತೆಗೆದ ಮದ್ದಿನ ಕಸವನ್ನು ನೀರಿನಡಿಯಲ್ಲೇ ಇಟ್ಟಿರಬೇಕು. ಬಿಗಿ ಮುಚ್ಚಳದ ಲೋಹದ ಡಬ್ಬಿಗೆ ತುಂಬಬಾರದು, ಮಾಮೂಲಿ ಕಸದ ಬುಟ್ಟಿಗೂ ಹಾಕಬಾರದು. ಸ್ಥಳೀಯ ನಿಯಮದಂತೆ ಅಪಾಯಕಾರಿ ತ್ಯಾಜ್ಯ ಸಾಗಿಸುವ ಪರವಾನಗಿ ಇರುವವರಿಗೆ ಆಗಾಗ್ಗೆ ಒಪ್ಪಿಸುತ್ತಿರಿ. ಸಿಡಿಯದೆ ಉಳಿದ ಕಾಡತೂಸುಗಳಿಗೆ ಬೇರೆಯದೇ ಗುರುತಿನ ಪೆಟ್ಟಿಗೆ ಇರಲಿ. ಬಂದೂಕು ಶುಚಿ ಮಾಡುವ ದ್ರಾವಣಗಳೂ ಅವುಗಳಿಂದ ತೊಯ್ದ ಬಟ್ಟೆಗಳೂ ರೇಂಜ್‌ನ ಒಳಗೆ ಇರಕೂಡದು. ಆ ಕೆಲಸಕ್ಕೆ ಪ್ರತ್ಯೇಕ ಕೋಣೆ, ಎಣ್ಣೆ ಬಟ್ಟೆಗಳಿಗೆ ತಾನಾಗಿ ಮುಚ್ಚಿಕೊಳ್ಳುವ ಲೋಹದ ಡಬ್ಬಿ ಬೇಕು.

ಹೆಜ್ಜೆ 5: ಗಾಳಿಯ ವ್ಯವಸ್ಥೆಯನ್ನು ಎರಡು ದೃಷ್ಟಿಯಿಂದ ನೋಡಿ

ರೇಂಜ್‌ನ ಗಾಳಿಯ ವ್ಯವಸ್ಥೆ ಮೂಲತಃ ಇರುವುದು ಸೀಸದ ಹೊಗೆ ಶೂಟರ್‌ನ ಮುಖಕ್ಕೆ ಬಾರದಂತೆ ತಡೆಯಲು. ಫೈರಿಂಗ್ ಲೈನ್‌ನಲ್ಲಿ ಗಾಳಿ ಶೂಟರ್‌ನ ಬೆನ್ನ ಕಡೆಯಿಂದ ಟ್ರ್ಯಾಪ್‌ನ ಕಡೆಗೆ ಸೆಕೆಂಡಿಗೆ ಸುಮಾರು 0.38 ಮೀಟರ್ ವೇಗದಲ್ಲಿ, ಸುಳಿಯಿಲ್ಲದೆ ಸಮನಾಗಿ ಸಾಗಬೇಕು ಎಂಬುದು ಬಳಕೆಯಲ್ಲಿರುವ ಅಳತೆ. ಒಳಗೆ ಬಿಡುವ ಗಾಳಿಗಿಂತ ಹೊರಗೆಳೆಯುವ ಗಾಳಿ ಸ್ವಲ್ಪ ಹೆಚ್ಚಿರಬೇಕು. ಆಗ ರೇಂಜ್‌ನೊಳಗಿನ ಒತ್ತಡ ಪಕ್ಕದ ಕೋಣೆಗಳಿಗಿಂತ ಕಡಿಮೆಯಾಗಿ, ಹೊಗೆ ಬಾಗಿಲ ಸಂದಿಯಿಂದ ಹೊರಗೆ ನುಸುಳುವುದಿಲ್ಲ.

ಬೆಂಕಿಯ ದೃಷ್ಟಿಯಿಂದ ನೋಡಿದರೆ ಇದೇ ವ್ಯವಸ್ಥೆ ಮದ್ದಿನ ಹಗುರ ಕಣಗಳನ್ನು ಹೊತ್ತೊಯ್ದು ಕೊಳವೆಗಳಲ್ಲಿ ಮತ್ತು ಫಿಲ್ಟರ್‌ಗಳಲ್ಲಿ ಶೇಖರಿಸುವ ಯಂತ್ರವೂ ಹೌದು. ಮೊದಲ ಹಂತದ ಫಿಲ್ಟರ್‌ಗಳು ಕಾಗದ ಅಥವಾ ನಾರಿನವಾಗಿದ್ದು, ಮದ್ದು ತುಂಬಿಕೊಂಡಾಗ ತಾವೇ ಇಂಧನವಾಗುತ್ತವೆ. ಫಿಲ್ಟರ್‌ನ ಎರಡೂ ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮಾಪಕವನ್ನು ಪ್ರತಿದಿನ ಓದಿ ಬರೆದಿಡಿ. ತಯಾರಕರು ಹೇಳಿದ ಮಿತಿ ತಲುಪಿದ ದಿನವೇ ಬದಲಿಸಿ, ತೆಗೆದ ಫಿಲ್ಟರನ್ನು ತೇವಗೊಳಿಸಿ ಚೀಲಕ್ಕೆ ಹಾಕಿ. ಕೊಳವೆಗಳ ಪರಿಶೀಲನಾ ಬಾಗಿಲುಗಳನ್ನು ತೆರೆದು ಒಳಗೆ ನೋಡುವ ಕೆಲಸ ವರ್ಷಕ್ಕೆ ಒಮ್ಮೆಯಾದರೂ ಆಗಬೇಕು. ಅಂತಹ ಬಾಗಿಲುಗಳೇ ಇಲ್ಲದ ಕೊಳವೆಯಾಗಿದ್ದರೆ ಅವನ್ನು ಮಾಡಿಸುವುದು ಮೊದಲ ಖರ್ಚಾಗಲಿ.

ಬೆಂಕಿ ಬಿದ್ದಾಗ ಫ್ಯಾನ್ ನಿಲ್ಲಬೇಕೇ, ನಡೆಯುತ್ತಿರಬೇಕೇ? ಹೊರಗೆಳೆಯುವ ಫ್ಯಾನ್ ನಡೆದರೆ ಹೊಗೆ ಶೂಟರ್‌ಗಳಿಂದ ದೂರಕ್ಕೆ ಸಾಗುತ್ತದೆ, ಆದರೆ ಜ್ವಾಲೆಯೂ ಫಿಲ್ಟರ್‌ನತ್ತ ಎಳೆಯಲ್ಪಡುತ್ತದೆ. ಒಳಗೆ ಬಿಡುವ ಫ್ಯಾನ್ ನಡೆದರೆ ಬೆಂಕಿಗೆ ತಾಜಾ ಗಾಳಿ ಸಿಗುತ್ತದೆ. ಎಲ್ಲ ಕಟ್ಟಡಕ್ಕೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ವ್ಯವಸ್ಥೆಯನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಮತ್ತು ಅಗ್ನಿಶಾಮಕ ಅಧಿಕಾರಿಗಳೊಡನೆ ಕುಳಿತು ಮೊದಲೇ ತೀರ್ಮಾನಿಸಿ, ಅಲಾರಂನೊಡನೆ ಅದು ತಾನಾಗಿ ಜಾರಿಯಾಗುವಂತೆ ಜೋಡಿಸಬೇಕು. ಹೊಗೆಯ ನಡುವೆ ನಿಂತು ಯಾವ ಸ್ವಿಚ್ ಒತ್ತಬೇಕೆಂದು ಯೋಚಿಸುವ ಪ್ರಸಂಗ ಯಾರಿಗೂ ಬರಬಾರದು.

ಹೆಜ್ಜೆ 6: ಬುಲೆಟ್ ಟ್ರ್ಯಾಪ್ ಮತ್ತು ಗೋಡೆಯ ಹೊದಿಕೆ

ಉಕ್ಕಿನ ಟ್ರ್ಯಾಪ್‌ಗಳಲ್ಲಿ ಚಿಂತೆ ಕಡಿಮೆ. ಅದರ ಗಂಟಲಲ್ಲಿ ಮತ್ತು ತಳದಲ್ಲಿ ಸೇರುವ ಕಾಗದದ ಚೂರು, ಮದ್ದು, ಸೀಸದ ಪುಡಿಯನ್ನು ಆಗಾಗ್ಗೆ ತೆಗೆಯುತ್ತಿದ್ದರೆ ಸಾಕು. ಹಳೆಯ ಟಯರ್ ರಬ್ಬರಿನ ಚೂರುಗಳನ್ನು ಇಳಿಜಾರಾಗಿ ರಾಶಿ ಹಾಕಿದ ಟ್ರ್ಯಾಪ್‌ಗಳ ವಿಷಯ ಬೇರೆ. ಗುಂಡು ಚೂರಾಗದೆ ನಿಲ್ಲುತ್ತದೆ, ಸೀಸದ ಧೂಳು ಕಡಿಮೆ, ಸದ್ದೂ ಕಡಿಮೆ ಎಂಬ ಕಾರಣಕ್ಕೆ ಅವು ಜನಪ್ರಿಯ. ಆದರೆ ರಬ್ಬರಿನ ರಾಶಿಯ ಒಳಗೆ ಬೆಂಕಿ ಹೊಕ್ಕರೆ ಮೇಲೆ ಸುರಿದ ನೀರು ಒಳಕ್ಕೆ ಇಳಿಯುವುದಿಲ್ಲ. ನಂದಿತೆಂದುಕೊಂಡ ಗಂಟೆಗಳ ನಂತರವೂ ಮತ್ತೆ ಉರಿ ಏಳುತ್ತದೆ, ದಟ್ಟವಾದ ಕಪ್ಪು ವಿಷಹೊಗೆ ಕೆಲವೇ ನಿಮಿಷಗಳಲ್ಲಿ ಇಡೀ ಕೋಣೆಯನ್ನು ತುಂಬುತ್ತದೆ. ಇಂತಹ ಟ್ರ್ಯಾಪ್ ಇರುವವರು ಬೆಂಕಿನಿರೋಧಕ ಸಂಸ್ಕರಣೆಯಾದ ರಬ್ಬರನ್ನೇ ಕೊಳ್ಳಬೇಕು, ತಯಾರಕರು ಸೂಚಿಸಿದ ಅವಧಿಗೆ ತಪ್ಪದೆ ರಾಶಿಯನ್ನು ಬಗೆದು ಸೀಸ ಮತ್ತು ಪುಡಿಯನ್ನು ಬೇರ್ಪಡಿಸಬೇಕು, ಮತ್ತು ಹೆಜ್ಜೆ 2ರಲ್ಲಿ ಹೇಳಿದ ಆಯಸ್ಕಾಂತದ ತಪಾಸಣೆಯಲ್ಲಿ ಯಾವ ರಿಯಾಯಿತಿಯನ್ನೂ ಕೊಡಬಾರದು.

ಗೋಡೆಗೆ ಸದ್ದು ಹೀರುವ ಹೊದಿಕೆ ಹಾಕಿಸುವಾಗ ಅಗ್ಗದ ಪಾಲಿಯುರಿಥೇನ್ ಫೋಮ್‌ನ ಆಸೆ ಬಿಡಿ. 2003ರ ಫೆಬ್ರವರಿ 20ರಂದು ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ ಒಂದರಲ್ಲಿ ಇಂತಹ ಫೋಮ್‌ಗೆ ಬಾಣಬಿರುಸಿನ ಕಿಡಿ ತಗುಲಿ 100 ಮಂದಿ ಸತ್ತರು. ಅಲ್ಲಿ ಮದ್ದಿನ ಪುಡಿ ಫೋಮ್‌ನ ರಂಧ್ರಗಳಲ್ಲಿ ತುಂಬಿರಲಿಲ್ಲ ಎಂಬುದನ್ನೂ ಗಮನಿಸಿ. ಖನಿಜ ಉಣ್ಣೆಯ ಫಲಕ ಅಥವಾ ಸಿಮೆಂಟ್ ಬೆರೆಸಿದ ಮರದ ನಾರಿನ ಹಲಗೆಯಂತಹ, ಸುಲಭವಾಗಿ ಹೊತ್ತಿಕೊಳ್ಳದ ಮತ್ತು ಮೇಲ್ಮೈಯನ್ನು ಶುಚಿ ಮಾಡಲು ಬರುವ ವಸ್ತುವನ್ನು ಆರಿಸಿಕೊಂಡು, ಅದರ ಅಗ್ನಿಪರೀಕ್ಷೆಯ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಹಾಕಿಸಿದವರು ಬೆಂಕಿ ಹಿಡಿಯುವುದಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದ್ದು ಪ್ರಮಾಣಪತ್ರವಾಗುವುದಿಲ್ಲ.

ಹೆಜ್ಜೆ 7: ರಿಪೇರಿಯ ದಿನವೇ ಅತ್ಯಂತ ಅಪಾಯದ ದಿನ

ರೇಂಜ್ ಮುಚ್ಚಿದೆ, ಬಂದೂಕುಗಳಿಲ್ಲ, ಗ್ರಾಹಕರಿಲ್ಲ ಎಂದು ಎಲ್ಲರೂ ನಿರಾಳವಾಗಿರುವ ಹೊತ್ತಿನಲ್ಲೇ ಹೊರಗಿನ ಕೆಲಸಗಾರನೊಬ್ಬ ಟ್ರ್ಯಾಪ್‌ನ ಫಲಕಕ್ಕೆ ಬೆಸುಗೆ ಹಾಕಲು ಬರುತ್ತಾನೆ. ಅವನಿಗೆ ನೆಲದ ಮೇಲಿರುವುದು ಬರೀ ಧೂಳು. ಬೆಸುಗೆ, ಕಬ್ಬಿಣ ಕತ್ತರಿಸುವುದು, ಗ್ರೈಂಡಿಂಗ್, ಕಾಂಕ್ರೀಟ್ ಕೊರೆಯುವುದು ಇವುಗಳಲ್ಲಿ ಯಾವುದೇ ಕೆಲಸವೂ ಲಿಖಿತ ಪರವಾನಗಿ ಇಲ್ಲದೆ ರೇಂಜ್‌ನೊಳಗೆ ನಡೆಯಕೂಡದು.

ಸಾಧ್ಯವಾದರೆ ಆ ಭಾಗವನ್ನೇ ಬಿಚ್ಚಿ ಹೊರಗೆ ಒಯ್ದು ಕೆಲಸ ಮಾಡಿಸಿ. ಇದೇ ಎಲ್ಲಕ್ಕಿಂತ ಒಳ್ಳೆಯದು. ಒಳಗೇ ಮಾಡಬೇಕಾದರೆ ಹಿಂದಿನ ದಿನವೇ ಸುತ್ತಲಿನ ನೆಲ, ಗೋಡೆ, ಮೇಲಿನ ಬ್ಯಾಫಲ್ ಎಲ್ಲವನ್ನೂ ಒದ್ದೆ ಶುಚಿ ಮಾಡಿ, ಕಿಡಿ ಹಾರಬಹುದಾದ ದೂರದವರೆಗೆ ರಬ್ಬರ್, ಕಾಗದ, ಫೋಮ್‌ಗಳನ್ನು ತೆಗೆದು, ತೆಗೆಯಲಾಗದ್ದನ್ನು ಬೆಂಕಿನಿರೋಧಕ ಹೊದಿಕೆಯಿಂದ ಮುಚ್ಚಿ, ಕೆಲಸದ ವೇಳೆ ನೆಲವನ್ನು ತೇವವಾಗಿಯೇ ಇರಿಸಿ. ಬೆಸುಗೆ ಯಂತ್ರಕ್ಕೂ ಅದರ ತಂತಿಗೂ ಆ ನೀರು ತಾಗದಂತೆ ಎಚ್ಚರ ವಹಿಸಿ. ಗಾಳಿಯ ಕೊಳವೆಯ ಬಾಯನ್ನು ಮುಚ್ಚಿ. ಇಲ್ಲವಾದರೆ ಕಿಡಿ ಸೀದಾ ಫಿಲ್ಟರ್‌ಗೆ ಹೋಗುತ್ತದೆ. ಕೆಲಸ ಮಾಡುವವನ ಹೊರತಾಗಿ ಇನ್ನೊಬ್ಬರು ನೀರಿನ ಮೆದುಗೊಳವೆ ಹಿಡಿದು ಕಾವಲಿರಬೇಕು, ಮತ್ತು ಕೆಲಸ ಮುಗಿದ ಮೇಲೂ ಕನಿಷ್ಠ ಒಂದು ಗಂಟೆ ಆ ಕಾವಲು ಮುಂದುವರಿಯಬೇಕು. ರಬ್ಬರಿನ ಟ್ರ್ಯಾಪ್ ಇದ್ದರೆ ಇನ್ನೂ ಹೆಚ್ಚು ಹೊತ್ತು ಇರಲಿ. ಸಂಜೆ ಕೆಲಸ ಮುಗಿಸಿ ಕೂಡಲೇ ಬೀಗ ಹಾಕಿಕೊಂಡು ಹೋಗುವ ರೂಢಿಯನ್ನು ಪೂರ್ತಿಯಾಗಿ ನಿಲ್ಲಿಸಿ. ಬೆಸುಗೆಯ ಕೆಲಸ ಬೆಳಿಗ್ಗೆಯೇ ಆರಂಭವಾಗಲಿ.

ಹೆಜ್ಜೆ 8: ಪತ್ತೆ, ಎಚ್ಚರಿಕೆ, ನಂದಿಸುವ ಸಾಮಗ್ರಿ

ಸಾಮಾನ್ಯ ಹೊಗೆ ಪತ್ತೆ ಸಾಧನವನ್ನು ಫೈರಿಂಗ್ ಲೈನ್‌ನ ಮೇಲೆ ಕೂರಿಸಿದರೆ ಬಂದೂಕಿನ ಹೊಗೆಗೇ ಕೂಗಿಕೊಳ್ಳುತ್ತದೆ. ಎರಡು ಮೂರು ಸಲ ಸುಳ್ಳು ಎಚ್ಚರಿಕೆ ಬಂದ ಮೇಲೆ ಯಾರೋ ಅದರ ಮೇಲೆ ಟೇಪ್ ಅಂಟಿಸುತ್ತಾರೆ. ಆದ್ದರಿಂದ ಈ ಜಾಗಕ್ಕೆ ಶಾಖವನ್ನು ಅಥವಾ ಜ್ವಾಲೆಯನ್ನು ಗುರುತಿಸುವ ಸಾಧನಗಳು ಹೆಚ್ಚು ಹೊಂದುತ್ತವೆ. ಎಲ್ಲರ ಕಿವಿಯೂ ಮುಚ್ಚಿರುವ ಕೋಣೆಯಲ್ಲಿ ಗಂಟೆಯ ಸದ್ದನ್ನು ನೆಚ್ಚುವಂತಿಲ್ಲವಾದ್ದರಿಂದ, ಪ್ರತಿಯೊಬ್ಬ ಶೂಟರ್‌ನ ಕಣ್ಣಿಗೆ ಬೀಳುವಂತೆ ಮಿನುಗುವ ದೀಪಗಳೂ ಇರಬೇಕು.

ಸ್ಪ್ರಿಂಕ್ಲರ್ ಕೊಳವೆಗಳು ಟ್ರ್ಯಾಪ್‌ನ ಮೇಲ್ಭಾಗವನ್ನೂ ತಲುಪಬೇಕು. ದಾರಿತಪ್ಪಿದ ಗುಂಡು ಬಡಿಯದಂತೆ ಅವು ಬ್ಯಾಫಲ್‌ಗಳ ಮರೆಯಲ್ಲಿರಬೇಕು. ಕೈಯಲ್ಲಿ ಹಿಡಿಯುವ ಸಿಲಿಂಡರ್‌ಗಳಲ್ಲಿ ಫೈರಿಂಗ್ ಲೈನ್‌ನ ಹಿಂದೆ ನೀರು ಅಥವಾ ನೀರು ಆಧಾರಿತ ಫೋಮ್‌ನವು ಇರಲಿ. ಇಂಗಾಲದ ಡೈಆಕ್ಸೈಡ್‌ನ ಸಿಲಿಂಡರ್ ವಿದ್ಯುತ್ ಫಲಕದ ಬಳಿಗೆ ಸರಿ. ಮದ್ದಿನ ಬೆಂಕಿಗೆ ಅದು ನಿಷ್ಪ್ರಯೋಜಕ, ಮೇಲಾಗಿ ಅದರ ಜೋರಾದ ಧಾರೆ ಹಗುರವಾದ ಚಕ್ಕೆಗಳನ್ನು ಉರಿಯುತ್ತಿರುವಂತೆಯೇ ಹಾರಿಸಿ ಹರಡಬಹುದು.

ಹೊರಹೋಗುವ ಬಾಗಿಲುಗಳು ಹೊರಮುಖವಾಗಿ, ಕೀಲಿಯಿಲ್ಲದೆ, ಒಂದೇ ನೂಕಿಗೆ ತೆರೆಯಬೇಕು. ಸದ್ದು ತಡೆಯಲು ಒಂದರ ಹಿಂದೆ ಒಂದು ಬಾಗಿಲು ಇಟ್ಟು ನಡುವೆ ಕಿರುಕೋಣೆ ಬಿಡುವ ರೇಂಜ್‌ಗಳಲ್ಲಿ ಆ ನಡುಕೋಣೆ ಕುರ್ಚಿ, ಟಾರ್ಗೆಟ್ ಕಾಗದದ ಕಟ್ಟು, ಖಾಲಿ ಪೆಟ್ಟಿಗೆಗಳ ಗೋದಾಮಾಗಿ ಬದಲಾಗುವುದನ್ನು ತಡೆಯಿರಿ.

ಹೆಜ್ಜೆ 9: ಬೆಂಕಿ ಕಂಡಾಗ

ರೇಂಜ್ ಆಫೀಸರ್ ಮೊದಲು ‘ಸ್ಟಾಪ್’ ಎಂದು ಆದೇಶಿಸಬೇಕು, ಜೊತೆಗೇ ಅಲಾರಂ ಒತ್ತಬೇಕು. ಜ್ವಾಲೆ ಕಾಣದೆ ಎಚ್ಚರಿಕೆ ಮಾತ್ರ ಬಂದಿದ್ದರೆ ಎಲ್ಲರೂ ಬಂದೂಕು ಖಾಲಿ ಮಾಡಿ, ಬಾಯಿ ಟ್ರ್ಯಾಪ್‌ನ ಕಡೆಗಿರುವಂತೆ ಮೇಜಿನ ಮೇಲಿಟ್ಟು ಹೊರಡಬೇಕು. ಜ್ವಾಲೆ ಕಣ್ಣೆದುರೇ ಓಡುತ್ತಿದ್ದರೆ ಖಾಲಿ ಮಾಡಲು ನಿಲ್ಲಬಾರದು. ಬಂದೂಕನ್ನು ಅದೇ ದಿಕ್ಕಿನಲ್ಲಿ ಇಟ್ಟು ಕೂಡಲೇ ಹೊರಡಬೇಕು. ತುಂಬಿದ ಬಂದೂಕನ್ನು ಹಿಡಿದು ನೂಕುನುಗ್ಗಲಿನಲ್ಲಿ ಓಡುವುದು ಬೆಂಕಿಗೆ ಇನ್ನೊಂದು ಅಪಾಯವನ್ನು ಸೇರಿಸಿದಂತೆ. ಬ್ಯಾಗು, ದುಬಾರಿ ರೈಫಲ್, ಮೊಬೈಲ್ ಯಾವುದಕ್ಕೂ ಹಿಂದಿರುಗುವಂತಿಲ್ಲ.

ಸಿಬ್ಬಂದಿ ನಂದಿಸಲು ಯತ್ನಿಸಬಹುದಾದದ್ದು ಒಂದೇ ಸಂದರ್ಭದಲ್ಲಿ: ಬೆಂಕಿ ಸಣ್ಣದಾಗಿ ಒಂದೇ ಜಾಗದಲ್ಲಿದ್ದು, ಬೆನ್ನ ಹಿಂದೆ ಬಾಗಿಲು ತೆರೆದಿದ್ದು, ನೀರಿನ ಸಿಲಿಂಡರ್ ಕೈಯಲ್ಲಿದ್ದಾಗ. ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ನಂದದಿದ್ದರೆ, ಅಥವಾ ಬೆಂಕಿ ರಬ್ಬರಿಗೆ, ಫೋಮ್‌ಗೆ, ಮದ್ದಿನ ಸಂಗ್ರಹಕ್ಕೆ ತಲುಪಿದ್ದರೆ, ಬಾಗಿಲು ಮುಚ್ಚಿಕೊಂಡು ಹೊರಬನ್ನಿ.

ಅಗ್ನಿಶಾಮಕ ದಳಕ್ಕೆ ತಿಳಿಸಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದು ಮುಂಬಾಗಿಲ ಬಳಿ ಇಟ್ಟಿರಿ: ಒಳಗೆ ಎಷ್ಟು ಕಾಡತೂಸು ಎಲ್ಲಿದೆ, ಪ್ರೈಮರ್ (ಕಾಡತೂಸಿನ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಅಥವಾ ಬಿಡಿ ಮದ್ದು ಇದೆಯೇ, ಟ್ರ್ಯಾಪ್ ಯಾವ ಬಗೆಯದು, ವಿದ್ಯುತ್ ಮತ್ತು ಫ್ಯಾನಿನ ಸ್ವಿಚ್ ಎಲ್ಲಿವೆ. ಬೆಂಕಿಯ ಶಾಖಕ್ಕೆ ಪೆಟ್ಟಿಗೆಯಲ್ಲಿರುವ ಕಾಡತೂಸುಗಳು ಪಟಪಟನೆ ಸಿಡಿದರೂ, ನಳಿಗೆಯ ಆಸರೆಯಿಲ್ಲದ ಕಾರಣ ಗುಂಡು ಬಂದೂಕಿನಿಂದ ಹಾರಿದ ವೇಗದಲ್ಲಿ ಹಾರುವುದಿಲ್ಲ. ಕೇಸು ಹರಿದು ಚೂರುಗಳು ಕಡಿಮೆ ದೂರಕ್ಕೆ ಚಿಮ್ಮುತ್ತವೆ. ತುಂಬಿದ ಬಂದೂಕಿನ ವಿಷಯ ಹಾಗಲ್ಲ. ಶಾಖ ಏರಿದಾಗ ಅದು ಯಾರೂ ಟ್ರಿಗರ್ ಒತ್ತದೆಯೇ ನಿಜವಾಗಿ ಗುಂಡು ಹಾರಿಸುತ್ತದೆ. ಹಾಗಾಗಿ ಯಾವ ಲೇನ್‌ನಲ್ಲಿ ತುಂಬಿದ ಬಂದೂಕು ಉಳಿದಿದೆ ಎಂಬುದು ದಳದವರಿಗೆ ಹೇಳಬೇಕಾದ ಮೊದಲ ಮಾತುಗಳಲ್ಲಿ ಒಂದು. ಒಂದೇ ಕಡೆ ರಾಶಿ ಇಟ್ಟ ಪ್ರೈಮರ್‌ಗಳು ಒಟ್ಟಿಗೆ ಸಿಡಿಯಬಲ್ಲವು. ಅವನ್ನು ತಯಾರಕರ ಮೂಲ ಪೊಟ್ಟಣದಿಂದ ತೆಗೆದು ಡಬ್ಬಿಗೆ ಸುರಿದಿಡಲೇಬಾರದು. ವರ್ಷಕ್ಕೊಮ್ಮೆ ದಳದವರನ್ನು ಕರೆಸಿ ಈ ಜಾಗವನ್ನೆಲ್ಲ ತೋರಿಸಿದರೆ, ಆ ಹಾಳೆಯಲ್ಲಿ ಬಿಟ್ಟುಹೋದದ್ದು ಏನೆಂಬುದನ್ನು ಅವರೇ ಹೇಳುತ್ತಾರೆ.

ಹೆಜ್ಜೆ 10: ಬೆಂಕಿ ನಂದಿದ ಮೇಲೆ

ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಕಟ್ಟಡದ ಬೆಂಕಿ ಅದಕ್ಕಿಂತ ಬಹಳ ಬಿಸಿ. ಆದ್ದರಿಂದ ಉರಿದ ರೇಂಜ್‌ನ ಮಸಿಯಲ್ಲಿ, ನಂದಿಸಿದ ನೀರಿನಲ್ಲಿ, ಒಳಗಿದ್ದವರ ಬಟ್ಟೆಯಲ್ಲಿ ಸೀಸ ಇದ್ದೇ ಇರುತ್ತದೆ. ಆ ಬಟ್ಟೆಗಳನ್ನು ಮನೆಗೆ ಒಯ್ಯಬಾರದು. ಹೊಗೆಯಲ್ಲಿ ಸಿಕ್ಕಿದವರು ವೈದ್ಯರನ್ನು ಕಂಡು ರಕ್ತದಲ್ಲಿ ಸೀಸದ ಮಟ್ಟವನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಶಾಖಕ್ಕೆ ಸಿಕ್ಕಿದ ಕಾಡತೂಸುಗಳು ನೋಡಲು ಚೆನ್ನಾಗಿದ್ದರೂ ಬಳಸುವಂತಿಲ್ಲ. ಸಣ್ಣ ಬೆಂಕಿಯಾಗಿದ್ದರೂ ಗಾಳಿಯ ಕೊಳವೆಯ ಒಳಭಾಗ, ಫಿಲ್ಟರ್‌ಗಳು, ವಿದ್ಯುತ್ ತಂತಿ, ಸ್ಪ್ರಿಂಕ್ಲರ್ ತಲೆಗಳು ಮತ್ತು ಟ್ರ್ಯಾಪ್‌ನ ಒಳರಾಶಿ, ಈ ಐದನ್ನೂ ತಿಳಿದವರಿಂದ ಪರಿಶೀಲಿಸಿ ಬರಹದಲ್ಲಿ ಒಪ್ಪಿಗೆ ಪಡೆಯುವವರೆಗೆ ಒಂದು ಗುಂಡನ್ನೂ ಹಾರಿಸಲು ಬಿಡಬೇಡಿ.